ಗಂಡ ಕೊಡದ ಬಿಡುಗಡೆ

ಇಸ್ರೇಲಿನಲ್ಲಿ ಯಹೂದಿ ಹೆಣ್ಣಿಗೆ ವಿಚ್ಛೇದನ ಬೇಕಿದ್ದರೆ ಗಂಡನೇ ಒಪ್ಪಿ ‘ಗೆಟ್’ ಎಂಬ ಬಿಡುಗಡೆ ಪತ್ರವನ್ನು ಕೊಡಬೇಕು. ಧರ್ಮಗುರುಗಳ ನ್ಯಾಯಾಲಯವೂ ಅವನ ಬದಲಿಗೆ ಅದನ್ನು ಕೊಡಲಾರದು. ಈ ಕಟ್ಟಳೆಯ ಬಿಸಿಯನ್ನು ತೆರೆಗೆ ತಂದವರು ನಟಿ ರೊನಿತ್ ಎಲ್ಕಬೆಟ್ಸ್.

ಮೊರಾಕ್ಕೊದಿಂದ ವಲಸೆ ಬಂದ ಕುಟುಂಬದ ರೊನಿತ್ ಹುಟ್ಟಿದ್ದು 1964ರಲ್ಲಿ, ಬೇರ್‌ಶೆಬಾದಲ್ಲಿ. ನಟನೆಯ ತರಬೇತಿಯಿಲ್ಲದೆ 1990ರಲ್ಲಿ ಚಿತ್ರರಂಗಕ್ಕೆ ಬಂದರು. ‘ಲೇಟ್ ಮ್ಯಾರೇಜ್’ (2001), ‘ದಿ ಬ್ಯಾಂಡ್ಸ್ ವಿಸಿಟ್’ (2007) ಹೆಸರು ತಂದವು. ಆದರೆ ನೆನಪಿನಲ್ಲಿ ಉಳಿಯುವುದು ತಮ್ಮ ಶ್ಲೋಮಿಯೊಡನೆ ನಿರ್ದೇಶಿಸಿದ ಮೂರು ಚಿತ್ರಗಳು. ಮೂರರಲ್ಲೂ ವಿವಿಯಾನ್ ಪಾತ್ರ ಅವರದೇ.

ಕೊನೆಯದಾದ ‘ಗೆಟ್’ (2014) ನ್ಯಾಯಾಲಯದ ಕಟ್ಟಡ ಬಿಟ್ಟು ಕದಲುವುದಿಲ್ಲ. ವಿಚಾರಣೆ ಐದು ವರ್ಷ ಎಳೆಯುತ್ತದೆ. ಗಂಡ ಕ್ರೂರಿಯೇನೂ ಅಲ್ಲ, ದೈವಭಕ್ತ. ಒಲ್ಲೆ ಎನ್ನುತ್ತಾನೆ, ಅಷ್ಟೆ! ದಣಿದ ವಿವಿಯಾನ್ ಕಟ್ಟಿದ್ದ ಕೂದಲು ಬಿಚ್ಚಿದರೂ ನ್ಯಾಯಪೀಠ ಗದರುತ್ತದೆ. 2016ರಲ್ಲಿ ರೊನಿತ್ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 51 ವರ್ಷ.