ಹಾಸಿಗೆಯ ಪಕ್ಕದ ನೆಲ

ಬಜಪೆ ಪೇಟೆಯಲ್ಲಿ ಬೆಳಿಗ್ಗೆ ಆರೂವರೆಗೆ ನಿಂತು ನೋಡಿ. ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಕಾಯುವವರ ನಡುವೆ ಆಸ್ಪತ್ರೆಗೆ ಹೊರಟವರು ಯಾರೆಂದು ಕೇಳಬೇಕಾಗಿಲ್ಲ. ಅವರ ಕಂಕುಳಲ್ಲಿ ಚಾಪೆ ಇರುತ್ತದೆ. ಚಾಪೆಯೊಳಗೆ ಸುತ್ತಿದ ಹೊದಿಕೆ, ಚೀಲದಲ್ಲಿ ಗಂಜಿಯ ಪಾತ್ರೆ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಳೆಯ ಚೀಟಿಗಳು, ರೇಷನ್ ಕಾರ್ಡು, ಎಕ್ಸ್‌ರೇ. ತಲೆಯ ಮೇಲೆ ವಿಮಾನ ಇಳಿಯುತ್ತದೆ. 1951ರ ಡಿಸೆಂಬರ್ 25ರಂದು ನೆಹರೂ ಇಲ್ಲಿ ವಿಮಾನದಿಂದ ಇಳಿದ ಮೇಲೆ ಬಜಪೆಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆ ವಿಮಾನಗಳಲ್ಲಿ ಚಿಕಿತ್ಸೆಗೆಂದು ಹಾರುವವರೂ ಉಂಟು. ಅವರ ಹತ್ತಿರ ಚಾಪೆ ಇರುವುದಿಲ್ಲ.

ಚಾಪೆ ರೋಗಿಗಲ್ಲ. ರೋಗಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತದೆ. ಚಾಪೆ ಒಟ್ಟಿಗೆ ನಿಲ್ಲಲು ಹೋಗುವವಳಿಗೆ. ಹೌದು, ಬಹುಪಾಲು ಅವಳೇ. ಮಂಗಳೂರಿನ ಆಸ್ಪತ್ರೆಗಳ ಚರಿತ್ರೆ ಬರೆದವರು ಕಟ್ಟಿಸಿದವರ ಹೆಸರು ಬರೆದಿದ್ದಾರೆ, ಹಾಸಿಗೆ ಎಣಿಸಿದ್ದಾರೆ. ಹಾಸಿಗೆಯ ಪಕ್ಕದ ನೆಲದಲ್ಲಿ ಮಲಗಿದವರ ಚರಿತ್ರೆಯನ್ನು ಯಾರೂ ಬರೆದಂತಿಲ್ಲ. ನಮ್ಮ ಕಾಲನಿಗಳಲ್ಲಿ ದೊಡ್ಡ ಕಾಯಿಲೆ ಬಂತೆಂದರೆ ಮೊದಲು ಏಳುವ ಪ್ರಶ್ನೆ ಯಾವ ಡಾಕ್ಟರು ಎಂಬುದಲ್ಲ. ಆಸ್ಪತ್ರೆಗೆ ಯಾರು, ಮನೆಗೆ ಯಾರು? ಇದು ಇವತ್ತಿನ ಪ್ರಶ್ನೆಯೂ ಅಲ್ಲ. ಇದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಕಥೆ ಉಂಟು.

ಆಸ್ಪತ್ರೆಗಳು ಬರುವ ಮೊದಲು ತುಳುನಾಡಿನಲ್ಲಿ ಮನೆ ಬಿಟ್ಟು ಹೋಗುತ್ತಿದ್ದುದು ರೋಗಿಯಲ್ಲ, ರೋಗ. ಅದನ್ನು ಹೊತ್ತುಕೊಂಡು ಹೋಗುತ್ತಿದ್ದವರು ನಾವು. ಆಟಿ ತಿಂಗಳ ಮಳೆಯಲ್ಲಿ ನಲಿಕೆಯವರು ಕಳೆಂಜನ ವೇಷ ಕಟ್ಟಿ ಗುತ್ತಿನ ಮನೆ, ಬೀಡಿನ ಮನೆಗಳ ಅಂಗಳದಲ್ಲಿ ಕುಣಿದು ಮಾರಿಯನ್ನು ಕಳೆಯುತ್ತಿದ್ದರು. ಕೂಲಿಯೆಂದರೆ ಒಂದಿಷ್ಟು ಅಕ್ಕಿ, ತೆಂಗಿನಕಾಯಿ. ಇದನ್ನು ಈಗ ನಗರದ ಸಭಾಭವನಗಳಲ್ಲಿ ಜಾನಪದ ಕಲೆಯೆಂದು ತೋರಿಸಿ ಚಪ್ಪಾಳೆ ತಟ್ಟುತ್ತಾರೆ. ಕೊರಗರ ಪಾಡು ಇನ್ನೂ ಕೆಟ್ಟದ್ದು. ಮೇಲ್ಜಾತಿ ಮನೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಆ ಮನೆಯ ಕೆಡುಕು, ಕಾಯಿಲೆಯೆಲ್ಲ ಕೊರಗನ ಹೊಟ್ಟೆಗೆ ಹೋಗಿ ಮನೆ ಶುದ್ಧವಾಯಿತು ಎಂದು ಲೆಕ್ಕ. ಇದಕ್ಕೆ ಅಜಲು ಎಂದು ಹೆಸರು. ಇದನ್ನು ಅಪರಾಧವೆಂದು ಹೇಳಲು ಕರ್ನಾಟಕಕ್ಕೆ 2000ನೇ ಇಸವಿಯ ಕಾಯಿದೆ ಬೇಕಾಯಿತು. ಅಂದರೆ ದಣಿಗಳ ಪಾಲಿಗೆ ನಮ್ಮ ದೇಹವೇ ಆಸ್ಪತ್ರೆಯಾಗಿತ್ತು.

ಹಾಗಾದರೆ ನಮಗೆ ಕಾಯಿಲೆ ಬಂದರೆ? ಮೂಲದಾಳು ದಣಿಯ ಗದ್ದೆ ಬಿಟ್ಟು ಎಲ್ಲಿಗೆ ಹೋಗಬೇಕು? ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಕಂಪೆನಿ ಸರಕಾರ 1843ರಲ್ಲಿ ಹೇಳಿತು. ಐದು ವರ್ಷ ಕಳೆದು 1848ರಲ್ಲಿ ಮಂಗಳೂರಿನಲ್ಲಿ ಸರಕಾರಿ ಆಸ್ಪತ್ರೆ ಬಂತು. ಮುಂದೆ ಮದರಾಸಿನ ಗವರ್ನರನ ಹೆಸರು ಹೊತ್ತು ವೆನ್ಲಾಕ್ ಆದದ್ದು ಅದೇ. ಕಾಗದದಲ್ಲಿ ಎರಡು ಬಾಗಿಲೂ ತೆರೆದವು. ಆದರೆ ದಿನದ ಸೇರು ಅಕ್ಕಿಯೂ, ತಲೆಯ ಮೇಲಿನ ಮುಳಿಹುಲ್ಲಿನ ಮಾಡೂ ದಣಿಯದ್ದೇ ಆಗಿದ್ದವನು ಹದಿನೈದು ದಿನ ಗದ್ದೆಗೆ ಇಳಿಯದಿದ್ದರೆ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಬಜಪೆಗೂ ಮಂಗಳೂರಿಗೂ ಇರುವುದು ಹದಿನೈದು ಕಿಲೋಮೀಟರಿನ ಆಸುಪಾಸು, ನಡುವೆ ಒಂದು ಹೊಳೆ. ನಮ್ಮ ಹಿರಿಯರಿಗೆ ಅದು ಕಾಶಿಯಷ್ಟು ದೂರವಿತ್ತು.

1880ರಲ್ಲಿ ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಕೂತರು. 1890ರಲ್ಲಿ ಅಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರಿಂದ ಹೊಡೆದೋಡಿಸಿದವರ ಹುಣ್ಣು ತೊಳೆದ ಕೈಗಳವು, ಅದನ್ನು ಸಣ್ಣದು ಮಾಡುವ ಮನಸ್ಸು ನಮಗಿಲ್ಲ. ಆದರೆ ಒಂದು ಮಾತು. ಆ ಕಾಲದಲ್ಲಿ ಕುಷ್ಠ ಎಂದರೆ ಮನೆಯಿಂದ ಹೊರಗೆ ಹೋಗುವ ದಾರಿ ಮಾತ್ರ, ಒಳಗೆ ಬರುವ ದಾರಿಯಿಲ್ಲ. 1898ರಲ್ಲಿ ಬ್ರಿಟಿಷ್ ಸರಕಾರ ತಂದ ಕುಷ್ಠರೋಗಿಗಳ ಕಾಯಿದೆಯನ್ನು ಓದಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಪೊಲೀಸರು ಹಿಡಿದು ಆಶ್ರಯಕ್ಕೆ ಸಾಗಿಸಬಹುದಾಗಿದ್ದುದು ಎಲ್ಲ ರೋಗಿಗಳನ್ನಲ್ಲ. ಭಿಕ್ಷೆ ಬೇಡುವ, ಜೀವನೋಪಾಯ ಕಾಣದ ದರಿದ್ರ ರೋಗಿಯನ್ನು. ಆಸ್ತಿ ಇದ್ದವನ ಕುಷ್ಠ ಮಹಡಿಯ ಕೋಣೆಯಲ್ಲಿ ಇರಬಹುದು, ಬೀದಿಯವನ ಕುಷ್ಠ ಬಂಧನಕ್ಕೆ. ಒಂದೇ ರೋಗಾಣು, ಎರಡು ಕಾನೂನು. ಕುಷ್ಠರೋಗದ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂಬ ಮಾತನ್ನು ಕಾನೂನಿನ ಪುಸ್ತಕದಿಂದ ಅಳಿಸಿದ್ದು 2019ರಲ್ಲಿ! ಮೂರು ಔಷಧಿಗಳ ಚಿಕಿತ್ಸೆಯಿಂದ ಈ ರೋಗ ವಾಸಿಯಾಗುತ್ತದೆಂದು ತಿಳಿದು ಅಷ್ಟೊತ್ತಿಗೆ ಮೂವತ್ತು ವರ್ಷ ದಾಟಿತ್ತು.

ಆಮೇಲೆ ಕ್ಷಯದ ಕಾಲ. ಒಣಕೆಮ್ಮು, ರಕ್ತ, ಸೊರಗಿದ ಮೈ. ಮದ್ದು ಇಲ್ಲದ ದಿನಗಳಲ್ಲಿ ಡಾಕ್ಟರು ಬರೆದುಕೊಡುತ್ತಿದ್ದುದು ಮೂರೇ: ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ. ಈ ಮೂರೂ ಇದ್ದಿದ್ದರೆ ನಮಗೆ ಕ್ಷಯ ಯಾಕೆ ಬರುತ್ತಿತ್ತು ಸ್ವಾಮೀ? ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಇದೇ ರೋಗದಿಂದ ತೀರಿಕೊಂಡರು. ಅವರ ನೆನಪಿಗೆ 1921ರಲ್ಲಿ ಮೈಸೂರಿನಲ್ಲಿ ಸ್ಯಾನಿಟೋರಿಯಂ ಎದ್ದಿತು. ರೋಗ ಅರಮನೆಗೂ ಹೋಗುತ್ತದೆ, ಸಂಶಯವಿಲ್ಲ. ನಮ್ಮ ಕಡೆಯವರಿಗೆ ಹತ್ತಿರವಿದ್ದದ್ದು ಮೂಡುಶೆಡ್ಡೆಯ ಕ್ಷಯ ಆಸ್ಪತ್ರೆ. 'ಮೂಡುಶೆಡ್ಡೆಗೆ ಸೇರಿಸಿದ್ದಾರೆ' ಎಂಬ ಮಾತನ್ನು ಕಾಲನಿಯಲ್ಲಿ ದನಿ ತಗ್ಗಿಸಿಯೇ ಹೇಳುತ್ತಿದ್ದರು. ಹೋದವರು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯ ಮಗಳಿಗೆ ಬಂದ ಸಂಬಂಧ ತಪ್ಪಿಹೋಗುತ್ತಿತ್ತು.

ಹವಾ ಬದಲಾವಣೆ ಎಂದೊಡನೆ ನಮಗೆ ರಮಾಬಾಯಿ ನೆನಪಾಗುತ್ತಾರೆ. ಬಾಬಾಸಾಹೇಬರ ಪತ್ನಿ. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ. ಆರೋಗ್ಯ ಸುಧಾರಿಸಲೆಂದು ಅವರನ್ನು ಧಾರವಾಡಕ್ಕೆ, ವರಾಳೆಯವರು ನಡೆಸುತ್ತಿದ್ದ ದಲಿತ ಮಕ್ಕಳ ಬೋರ್ಡಿಂಗಿಗೆ ಕಳಿಸಿದ್ದರಂತೆ. ಅಲ್ಲಿ ಮಕ್ಕಳಿಗೆ ಅಕ್ಕಿ ಮುಗಿದದ್ದು ಕಂಡು ಆ ತಾಯಿ ಕೈಬಳೆ ಬಿಚ್ಚಿಕೊಟ್ಟರು ಎಂಬುದನ್ನು ನಮ್ಮ ಚಳುವಳಿಯ ಎಲ್ಲರೂ ಕೇಳಿಕೊಂಡು ಬಂದವರೇ. ವಿಶ್ರಾಂತಿಗೆ ಹೋದ ರೋಗಿ ಅಲ್ಲಿಯೂ ಒಲೆಯ ಚಿಂತೆ ಮಾಡಿದಳು. 1935ರ ಮೇ 27ರಂದು ಅವರು ತೀರಿಕೊಂಡರು. ದೇಶಕ್ಕೆ ಸಂವಿಧಾನ ಬರೆದುಕೊಟ್ಟ ಮನೆಯ ಕಥೆಯೇ ಹೀಗಿದ್ದರೆ ಉಳಿದವರದು ಕೇಳಬೇಕೆ?

ಈ ಚರಿತ್ರೆಗೆ ತಿರುವು ಬಂದದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸೆಯ ಸಂಶೋಧನಾ ಕೇಂದ್ರ ಶುರುವಾಯಿತು. ನಗರದ ಬಡ ಕೇರಿಗಳ ಇನ್ನೂರರ ಹತ್ತಿರ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರು ವರ್ಷಪೂರ್ತಿ ಸ್ಯಾನಿಟೋರಿಯಮ್ಮಿನಲ್ಲಿ, ಒಳ್ಳೆಯ ಊಟ, ಹಾಸಿಗೆ, ದಾದಿಯರ ಆರೈಕೆಯಲ್ಲಿ. ಇನ್ನೊಂದು ಪಾಲಿನವರು ತಮ್ಮ ಗುಡಿಸಲುಗಳಲ್ಲೇ, ಅದೇ ಮಾತ್ರೆ ನುಂಗಿಕೊಂಡು. 1959ರಲ್ಲಿ ಫಲಿತಾಂಶ ಬಂದಾಗ ಲೋಕದ ಡಾಕ್ಟರುಗಳು ಬೆರಗಾದರು. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಸಮನಾಗಿ ವಾಸಿಯಾಗಿತ್ತು. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಿರಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಿಂದ ದೇಶದ ಕ್ಷಯ ಕಾರ್ಯಕ್ರಮ ಮನೆಯಲ್ಲೇ ಚಿಕಿತ್ಸೆ ಎಂಬ ದಾರಿ ಹಿಡಿಯಿತು.

ಇದು ನಮ್ಮ ಜನಕ್ಕೆ ದೊಡ್ಡ ಬಿಡುಗಡೆ, ಇದನ್ನು ಒಪ್ಪಲೇಬೇಕು. ಮನೆ ಬಿಡದೆ, ಕೂಲಿಯನ್ನು ಪೂರ್ತಿ ಕಳಕೊಳ್ಳದೆ ಬದುಕಬಹುದು ಎಂದಾಯಿತು. ಆದರೆ ಸರಕಾರಕ್ಕೆ ಇದರಲ್ಲಿ ಇನ್ನೊಂದು ಅನುಕೂಲ ಕಂಡಿತು. ಊಟ ಮುಖ್ಯವಲ್ಲ, ಮಾತ್ರೆ ಸಾಕು! ಸ್ಯಾನಿಟೋರಿಯಂ ಎಂದರೆ ಬಂದೀಖಾನೆ ನಿಜ, ಆದರೆ ಅಲ್ಲಿ ದಿನಕ್ಕೆ ಮೂರು ಹೊತ್ತು ತಟ್ಟೆಗೆ ಬೀಳುತ್ತಿತ್ತು. ಮನೆಗೆ ಬಂದ ಚಿಕಿತ್ಸೆಯ ಒಟ್ಟಿಗೆ ಆ ತಟ್ಟೆ ಬರಲಿಲ್ಲ.

ತಟ್ಟೆಯ ಮಾತು ಪೂರ್ತಿ ಮರೆತುಹೋಗಿತ್ತೆಂದಲ್ಲ. ಬೀಡಿ ಕಟ್ಟುವವರಿಗಾಗಿ 1976ರಲ್ಲಿ ಕಲ್ಯಾಣ ನಿಧಿಯ ಕಾಯಿದೆ ಬಂತು. ಕ್ಷಯ ಹಿಡಿದ ಬೀಡಿ ಕಾರ್ಮಿಕರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕಾದಿರಿಸುವುದರ ಜೊತೆಗೆ ಅವರನ್ನು ನಂಬಿದ ಮನೆಯವರಿಗೆ ಜೀವನಾಧಾರ ಕೊಡುವುದೂ ಅದರ ಯೋಜನೆಗಳಲ್ಲಿ ಸೇರಿತ್ತು. ರೋಗಿಯ ಹಿಂದೆ ಒಂದು ಮನೆ ಉಂಟು ಎಂದು ಸರಕಾರದ ಕಾಗದ ಒಪ್ಪಿದ ಅಪರೂಪದ ಜಾಗ ಇದು. ಆದರೆ ಅದಕ್ಕೆ ಗುರುತುಚೀಟಿ ಬೇಕು, ಕಟ್ಟಿದ ಬೀಡಿ ತನ್ನ ಹೆಸರಲ್ಲಿ ಬ್ರಾಂಚಿನ ಪುಸ್ತಕಕ್ಕೆ ಏರಬೇಕು. ಅತ್ತೆಯ ಹೆಸರಿನ ಪುಸ್ತಕದಲ್ಲಿ ಕಟ್ಟುವ ಸೊಸೆ ಏನು ಮಾಡಬೇಕು?

ಕೊನೆಗೆ ಆ ತಟ್ಟೆಯ ಲೆಕ್ಕ ಕೇಳಿದವರು ನಮ್ಮ ಮಂಗಳೂರಿನಲ್ಲಿ ಕೆಲಸ ಮಾಡುವ ಡಾಕ್ಟರುಗಳೇ ಎಂಬುದು ಸಂತೋಷದ ಸಂಗತಿ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ 2,800 ಕ್ಷಯರೋಗಿಗಳ ಮನೆಗಳಲ್ಲಿ ಅಧ್ಯಯನ ಮಾಡಿದರು. ಅಕ್ಕಿ, ಬೇಳೆಯ ರೇಷನ್ನನ್ನು ರೋಗಿಯ ಮನೆಯವರಿಗೂ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಇದು ಅಚ್ಚಾಯಿತು. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ವಿಷಯವನ್ನು ವಿಜ್ಞಾನ ಅಂಕಿಯಲ್ಲಿ ಹೇಳಿತು. ಸರಕಾರ 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಒಂದು ಮನೆಗೆ ಸಾವಿರ ರೂಪಾಯಿಯಲ್ಲಿ ಎಷ್ಟು ದಿನದ ಬೇಳೆ, ಮೊಟ್ಟೆ ಬರುತ್ತದೆಂದು ಶಾಲೆಯ ಮೇಷ್ಟ್ರುಗಳು ಮಕ್ಕಳಿಂದ ಲೆಕ್ಕ ಮಾಡಿಸಿ ನೋಡಲಿ.

ಇನ್ನು ದಾರಿಯ ಮಾತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ತೆಂಕಣದ ಕಡೆಯಿಂದ. ಜಿಲ್ಲೆ ಮದರಾಸಿಗೆ ಸೇರಿತ್ತು, ದೊಡ್ಡ ಕಾಯಿಲೆಯ ದಾರಿಯೂ ಮದರಾಸಿಗೇ. 1956ರ ನವೆಂಬರ್ ಒಂದರಿಂದ ನಾವು ಬೆಂಗಳೂರಿನವರಾದೆವು. ಘಟ್ಟ ಹತ್ತುವ ರೈಲು ಬರಲು 1979 ಆಗಬೇಕಾಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಶುರುವಾಗಿತ್ತು. ಕರೆಂಟು ಕೊಡಿಸಲು ವಾರಗಟ್ಟಲೆ ನಿಲ್ಲಬೇಕು, ಹಾಸಿಗೆ ಸಿಕ್ಕದವರು ಹೊರಗಿದ್ದು ದಿನಾ ಹೋಗಬೇಕು. ಕನ್ನಡ ಸರಿಯಾಗಿ ಬಾರದ, ತುಳು ಮಾತ್ರ ಬಲ್ಲ ನಮ್ಮ ಮುದುಕಿಗೆ ಆ ಊರು ಪರದೇಶ.

ಅದೇ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಗೆರೆ ಎಳೆದವರು ಆಸ್ಪತ್ರೆಯನ್ನು ಭಾಗ ಮಾಡಲಿಲ್ಲ. ಮಂಜೇಶ್ವರ, ಕುಂಬಳೆ, ಎಣ್ಮಕಜೆಯವರಿಗೆ ಆಸ್ಪತ್ರೆ ಎಂದರೆ ಮಂಗಳೂರೇ. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಪಡ್ರೆಯಂಥ ಊರುಗಳಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದದ್ದೂ ಇಲ್ಲಿಗೇ. 2020ರ ಮಾರ್ಚಿಯಲ್ಲಿ ಕೊರೋನಾ ಹೆಸರಿನಲ್ಲಿ ಕರ್ನಾಟಕ ತಲಪಾಡಿಯ ದಾರಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಡಯಾಲಿಸಿಸ್ಸಿನವರು, ಹೃದಯದ ಕಾಯಿಲೆಯವರು, ತುಂಬಿದ ಬಸುರಿಯರು ಗಡಿಯಲ್ಲಿ ನಿಂತರು. ಸಮಯಕ್ಕೆ ಮಂಗಳೂರು ಮುಟ್ಟಲಾಗದೆ ಜೀವ ಬಿಟ್ಟವರಿದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಲು ಹೇಳಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ಕ್ಕೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಕನ್ನಡ ನಾಡು ನುಡಿ ಎಂದು ಕಾಸರಗೋಡಿಗಾಗಿ ಭಾಷಣ ಮಾಡುವವರಲ್ಲಿ ಆ ದಿನಗಳಲ್ಲಿ ಎಷ್ಟು ಮಂದಿ ಬಾಯಿ ಬಿಟ್ಟರು?

ಬಜಪೆಯವರು ಗಡಿಯವರಲ್ಲ, ನಮಗೇನು ಎನ್ನುವವರು 2021ರ ಜೂನನ್ನು ನೆನಪು ಮಾಡಿಕೊಳ್ಳಲಿ. ಮರವೂರು ಸೇತುವೆ ಕುಗ್ಗಿ, ಕೆಲವು ವಾರ ಬಸ್ಸುಗಳು ಕೈಕಂಬ, ಗುರುಪುರದ ಸುತ್ತು ಹಿಡಿದವು. ಮಧ್ಯಾಹ್ನದ ಗಂಜಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಸಂಜೆ ಮಕ್ಕಳಿಗೆ ಅಡಿಗೆ ಮಾಡಲು ಮರಳುವ ಹೆಂಗಸರಿಗೆ ಆ ಸುತ್ತಿನ ಬೆಲೆ ಗೊತ್ತು.

2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದು ಹೋದರೆ ಖಾಸಗಿಯಲ್ಲೂ ಆಪರೇಷನ್ ಆಗುತ್ತದೆ. ಹತ್ತು ಸೆಂಟ್ಸು ಜಾಗ ಮಾರಿ ಆಪರೇಷನ್ ಮಾಡಿಸಿದವರನ್ನು ಕಂಡ ನಮಗೆ ಇದು ಸಣ್ಣದಲ್ಲ. ಆದರೆ ಆ 5 ಲಕ್ಷದೊಳಗೆ ಚಾಪೆಯವಳ ಕೂಲಿ ಇಲ್ಲ. ಅವಳ ಬಸ್ಸಿನ ಚಾರ್ಜು, ಹೋಟೆಲಿನ ಊಟ, ಅವಳು ಕಟ್ಟದೆ ಬಿಟ್ಟ ಸಾವಿರಾರು ಬೀಡಿ ಇಲ್ಲ. ಅವಳು ನೆಲದಲ್ಲಿ ಮಲಗಿ ತಂದುಕೊಂಡ ಕಫ, ಜ್ವರ ಇಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಕಾಲನಿಯ ಒಬ್ಬರಿಗೆ ಬೆಂಗಳೂರಿಗೆ ಬರೆದುಕೊಟ್ಟರು, ಎರಡು ತಿಂಗಳ ಚಿಕಿತ್ಸೆ. ರಾತ್ರಿ ಅವರ ಜಗಲಿಯಲ್ಲಿ ಕೂತೆವು. ಗಂಡಸರೆಲ್ಲ ದುಡ್ಡಿನ ಮಾತನ್ನೇ ಆಡುತ್ತಿದ್ದರು. ಮೂಲೆಯಲ್ಲಿದ್ದ ಅಜ್ಜಿ ಕೇಳಿದಳು:

"ದುಡ್ಡು ಹೇಗೂ ಮಾಡುವ ಮಾರಾಯ್ರೆ. ಇವಳು ಹೋದ್ರೆ ಸಣ್ಣವನನ್ನು ಶಾಲೆಗೆ ಹೊರಡಿಸ್ಲಿಕ್ಕೆ ಯಾರುಂಟು?"

ಆ ರಾತ್ರಿ ನಮ್ಮ ಪಟ್ಟಿ ತಲೆಕೆಳಗಾಯಿತು. ಅಜ್ಜಿಯ ಪ್ರಶ್ನೆ ಮೊದಲ ಸಾಲಿಗೆ ಬಂತು. ಹುಡುಗ ಯಾರ ಮನೆಯಲ್ಲಿ ಉಣ್ಣುತ್ತಾನೆ, ಬ್ರಾಂಚಿನ ಎಲೆಯನ್ನು ಯಾರು ತಂದು ಅವಳ ಪುಸ್ತಕದಲ್ಲೇ ಕಟ್ಟಿಕೊಡುತ್ತಾರೆ, ಕೋಳಿಗಳನ್ನು ಯಾರು ನೋಡುತ್ತಾರೆ, ಒಂದು ತಿಂಗಳಾದ ಮೇಲೆ ಅವಳ ಬದಲಿಗೆ ನಿಲ್ಲಲು ಯಾರು ಹೋಗುತ್ತಾರೆ. ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡುಗಳ ಎರಡೆರಡು ಪ್ರತಿ ತೆಗೆದೆವು; ಒಂದು ಕಟ್ಟು ರೋಗಿಯ ಚೀಲಕ್ಕೆ, ಇನ್ನೊಂದು ಮನೆಗೆ. ಕ್ಯಾನ್ಸರ್ ರೋಗಿಗೂ ಒಟ್ಟಿಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಉಂಟೆಂದು, ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟು ಬೇಕೆಂದು ಕಾಲೇಜು ಓದುವ ಹುಡುಗಿ ಹುಡುಕಿ ಹೇಳಿದಳು. ಕೊನೆಗೆ ಚಾಪೆಯ ಮಾತು ಬಂತು. ಅವರ ಮನೆಯ ಚಾಪೆ ಹರಿದಿತ್ತು. ಪಕ್ಕದ ಮನೆಯವರು ತಮ್ಮದನ್ನು ತಂದು ಬಾಗಿಲ ಹತ್ತಿರ ಒರಗಿಸಿಟ್ಟು ಹೋದರು.