ಪೌರನಿಗೊಂದು ಪರೀಕ್ಷೆ

ಭಾರತೀಯ ತಂದೆತಾಯಿಗಳಿಗೆ ಭಾರತದಲ್ಲೇ ಹುಟ್ಟಿದವರು ಪೌರರಾಗಲು ಯಾವ ಪರೀಕ್ಷೆಯನ್ನೂ ಬರೆಯಬೇಕಾಗಿಲ್ಲ. ಇದು ನಮಗೆ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಅಂಥದೊಂದು ಪರೀಕ್ಷೆ ಲೋಕದಲ್ಲಿ ಇದೆಯೆಂಬುದೇ ಹಲವರಿಗೆ ಸೋಜಿಗ. ಆದರೆ ನಮ್ಮ ಹಿಂದೂಪುರ, ಮಡಕಶಿರಾ ಕಡೆಯಿಂದ ಬೆಂಗಳೂರಿಗೆ ಓದಲು ಹೋಗಿ, ಅಲ್ಲಿಂದ ಅಮೆರಿಕ ಸೇರಿದ ಮಕ್ಕಳ ಮನೆಗಳಲ್ಲಿ ಈ ಪರೀಕ್ಷೆಯ ಮಾತು ಈಗ ಹೊಸದಲ್ಲ. ಅಲ್ಲಿ 2008ರಿಂದ ನೂರು ಪ್ರಶ್ನೆಗಳ ಒಂದು ಪಟ್ಟಿ ಇತ್ತು. ಅಧಿಕಾರಿ ಹತ್ತು ಕೇಳಿದರೆ ಆರಕ್ಕೆ ಸರಿಯುತ್ತರ ಕೊಡಬೇಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪ್ರಶ್ನೆಗಳ ಪಟ್ಟಿ 128ಕ್ಕೆ ಬೆಳೆದಿದೆ. ಇಪ್ಪತ್ತು ಕೇಳುತ್ತಾರೆ, ಹನ್ನೆರಡಕ್ಕೆ ಸರಿಯುತ್ತರ ಬೇಕು. ಜರ್ಮನಿಯಲ್ಲಿ ಮೂವತ್ತಮೂರು ಪ್ರಶ್ನೆ, ಹದಿನೇಳು ಸರಿಯಾದರೆ ಪಾಸು. ಇಂಗ್ಲೆಂಡಿನಲ್ಲಿ ಇಪ್ಪತ್ತನಾಲ್ಕು ಪ್ರಶ್ನೆ, ನಲವತ್ತೈದು ನಿಮಿಷ.

ಈ ಸಂಗತಿಯನ್ನು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತಿತ್ತು. ನಮ್ಮಲ್ಲಿ ಇಂಥ ಪರೀಕ್ಷೆ ಏಕಿಲ್ಲ? ಹಿಂದೆ ಎಂದಾದರೂ ಇತ್ತೇ? ನಾನು ಚರಿತ್ರೆಯ ವಿದ್ವಾಂಸನಲ್ಲ. ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ಮೊದಲು ಕಲ್ಯಾಣದುರ್ಗದಲ್ಲಿ, ಈಗ ಹಿಂದೂಪುರದಲ್ಲಿ ಕೌಂಟರಿನ ಹಿಂದೆ ಕುಳಿತವನು. ಬಿಡುವಿನಲ್ಲಿ ಓದಿ ತಿಳಿದದ್ದನ್ನು ಇನ್ನೊಂದು ಗಡಿಯ ಓದುಗರ ಮುಂದಿಡುತ್ತಿದ್ದೇನೆ.

ಇನ್ನೊಂದು ಗಡಿ ಎಂದೆ. ಆದರೆ ಕಾಸರಗೋಡಿಗೂ ನಮ್ಮ ಸೀಮೆಗೂ ಇರುವ ನಂಟು ಹಳೆಯದು. ಟಿಪ್ಪು ಮಡಿದ ಮೇಲೆ 1799ರಲ್ಲಿ ಕೆನರಾ ಸೀಮೆಗೆ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಮರುವರ್ಷವೇ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ನಮ್ಮ ಸೀಮೆಗೆ ಬಂದು 1807ರವರೆಗೆ ಇಲ್ಲಿದ್ದ. ನಿಮ್ಮ ಹೊಲಗದ್ದೆಗೆ ಕಂದಾಯ ಕಟ್ಟಿದ ಕೈಯೇ ನಮ್ಮ ಹೊಲಕ್ಕೂ ಕಟ್ಟಿತು. ಆಮೇಲೆ ಒಂದೂವರೆ ಶತಮಾನ ಎರಡೂ ಸೀಮೆಗಳು ಮದರಾಸಿನ ಆಡಳಿತದಲ್ಲೇ ಇದ್ದವು. ಆದ್ದರಿಂದ ನಾನು ಹೇಳಹೊರಟಿರುವ ಪರೀಕ್ಷೆ ನಿಮ್ಮ ಅಜ್ಜಂದಿರಿಗೂ ನಮ್ಮ ಅಜ್ಜಂದಿರಿಗೂ ಒಂದೇ ಆಗಿತ್ತು.

ಅದು ಮತದಾನದ ಪರೀಕ್ಷೆ. ಬ್ರಿಟಿಷರ ಕಾಲದಲ್ಲಿ ಮತ ಎಂಬುದು ಹಕ್ಕಾಗಿರಲಿಲ್ಲ, ಅರ್ಹತೆಯಾಗಿತ್ತು. ಕಂದಾಯ ಕಟ್ಟುವವನಿಗೆ, ಆಸ್ತಿಯುಳ್ಳವನಿಗೆ ಮತ. ಕೂಲಿಗೆ ಹೋಗುವವನಿಗೆ ಇಲ್ಲ. 1921ರಲ್ಲಿ ಮದರಾಸು ಶಾಸನಸಭೆ ಹೆಂಗಸರಿಗೂ ಮತ ಕೊಡಲು ಒಪ್ಪಿತಾದರೂ ಆಸ್ತಿ, ತೆರಿಗೆಯ ನಿಬಂಧನೆ ಉಳಿಯಿತು. ಹೆಸರಿನಲ್ಲಿ ಆಸ್ತಿಯಿದ್ದ ಹೆಂಗಸರು ಎಷ್ಟು ಮಂದಿ? 1935ರ ಭಾರತ ಸರ್ಕಾರ ಕಾಯಿದೆ ಬಾಗಿಲನ್ನು ಇನ್ನಷ್ಟು ತೆರೆಯಿತು. ಮದರಾಸು ಪ್ರಾಂತದಲ್ಲಿ, ಓದುಬರಹ ಬಲ್ಲೆನೆಂದು ಗೊತ್ತುಪಡಿಸಿದ ರೀತಿಯಲ್ಲಿ ರುಜುವಾತು ಮಾಡಿದವರಿಗೂ ಮತ ಸಿಕ್ಕಿತು. ಅಂದರೆ ಹೊಲವಿಲ್ಲದವನಿಗೆ ಅಕ್ಷರ ಒಂದು ದಾರಿ. ಹೊಲವೂ ಇಲ್ಲದೆ, ಅಕ್ಷರವೂ ಇಲ್ಲದವನಿಗೆ ದಾರಿಯಿಲ್ಲ. ಇಡೀ ಬ್ರಿಟಿಷ್ ಇಂಡಿಯಾದ ಪ್ರಾಂತಗಳಲ್ಲಿ ಆಗ ಮತದಾರರಾದವರು ಸುಮಾರು 3 ಕೋಟಿ.

ಮಳೆಯೇ ಬಾರದ ಕಲ್ಯಾಣದುರ್ಗದ ಕಡೆಯ ಊರುಗಳನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬರ ಬಂದ ವರ್ಷ ಹೊಲ ಮಾರಿದವನು ಹೊಲದ ಜೊತೆಗೆ ಮತವನ್ನೂ ಕಳೆದುಕೊಳ್ಳುತ್ತಿದ್ದ.

ಸಂವಿಧಾನ ಸಭೆ ಸೇರಿದಾಗ ಈ ಹಳೆಯ ಪರೀಕ್ಷೆಯನ್ನು ಉಳಿಸಿಕೊಳ್ಳುವುದು ಕಷ್ಟವಿರಲಿಲ್ಲ. ದೇಶದಲ್ಲಿ ಓದುಬಲ್ಲವರೇ ಕಡಿಮೆ. 1951ರ ಜನಗಣತಿಯಂತೆ ನೂರಕ್ಕೆ ಹದಿನೆಂಟು ಮಂದಿ. ಆ ಸಭೆಯಲ್ಲಿ ಮದರಾಸಿನಿಂದ ಹೋದವರಲ್ಲಿ ಹಿಂದೂಪುರ ಸೀಮೆಯ ಕಲ್ಲೂರು ಸುಬ್ಬರಾವ್ ಇದ್ದರು, ನಮ್ಮ ಅನಂತಪುರ ಜಿಲ್ಲೆಯ ನೀಲಂ ಸಂಜೀವರೆಡ್ಡಿ ಇದ್ದರು, ನಿಮ್ಮ ದಕ್ಷಿಣ ಕನ್ನಡದ ಯು. ಶ್ರೀನಿವಾಸ ಮಲ್ಯರೂ ಇದ್ದರು. ಅಕ್ಷರ ಬಾರದವನಿಗೆ ಮತವೇಕೆ ಎಂಬ ಅನುಮಾನ ಆಗ ಹಲವರಲ್ಲಿತ್ತು. 1949ರ ನವೆಂಬರಿನಲ್ಲಿ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರು, ಸಾಮಾನ್ಯ ಮನುಷ್ಯನ ಮೇಲಿನ ನಂಬಿಕೆಯಿಂದಲೇ ಸಭೆ ವಯಸ್ಕ ಮತಾಧಿಕಾರವನ್ನು ಒಪ್ಪಿದೆಯೆಂದರು. ರಾಜೇಂದ್ರ ಪ್ರಸಾದರು ತಮ್ಮ ಕೊನೆಯ ಭಾಷಣದಲ್ಲಿ ಹಳ್ಳಿಯವನಿಗೆ ಅಕ್ಷರವಿಲ್ಲದಿದ್ದರೂ ಬುದ್ಧಿಯಿದೆ, ತನ್ನ ಹಿತ ಯಾವುದೆಂದು ತಿಳಿಯುವ ವಿವೇಕವಿದೆ ಎಂಬ ಅರ್ಥದ ಮಾತಾಡಿದರು. ಅವರ ಅಸಮಾಧಾನವಿದ್ದದ್ದು ಬೇರೆ ಕಡೆ: ಕಾನೂನನ್ನು ಜಾರಿಮಾಡುವ ಅಧಿಕಾರಿಗೆ ಅಷ್ಟೊಂದು ವಿದ್ಯಾರ್ಹತೆ ಕೇಳುವ ನಾವು, ಕಾನೂನು ಮಾಡುವ ಶಾಸಕನಿಗೆ ಏನೂ ಕೇಳುತ್ತಿಲ್ಲವಲ್ಲ ಎಂದು. ಪರೀಕ್ಷೆ ಯಾರಿಗೆ ಬೇಕು ಎಂಬ ಅವರ ಎಣಿಕೆ ಗಮನಿಸಬೇಕಾದದ್ದು.

ಹೀಗೆ 326ನೆಯ ವಿಧಿ ಬಂತು. ಆಗ ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ ಮತ, 1989ರಿಂದ ಹದಿನೆಂಟು. ಮತದಾರರ ಪಟ್ಟಿಯ ಕೆಲಸವಂತೂ ಸಂವಿಧಾನ ಮುಗಿಯುವ ಮೊದಲೇ, 1948ರಲ್ಲೇ, ಮನೆಮನೆಗೆ ಹೋಗಿ ಆರಂಭವಾಗಿತ್ತು. ಮೊದಲ ಚುನಾವಣೆಗೆ ಪಟ್ಟಿಯಲ್ಲಿದ್ದವರು 17 ಕೋಟಿಗೂ ಹೆಚ್ಚು. ಓದಲು ಬಾರದವನು ಮತ ಹಾಕುವುದು ಹೇಗೆ? ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ: ನೊಗ ಹೊತ್ತ ಜೋಡೆತ್ತು, ಗುಡಿಸಲು, ಮರ, ತೆನೆ-ಕುಡುಗೋಲು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಇದು ಪರೀಕ್ಷೆಯಲ್ಲ, ಪಾಠ. ಉತ್ತರ ಬಾರದವನನ್ನು ಹೊರಗೆ ಕಳಿಸುವ ಬದಲು ಪ್ರಶ್ನೆಯನ್ನೇ ಅವನಿಗೆ ತಿಳಿಯುವಂತೆ ಬರೆದರು. ಆದರೂ ಒಂದು ಅನ್ಯಾಯ ನಡೆಯಿತು. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು, ಹೆಚ್ಚಾಗಿ ಉತ್ತರದ ಕಡೆಯವರು, ಪಟ್ಟಿಯಿಂದ ಬಿಟ್ಟುಹೋದರು. ತನ್ನ ಹೆಸರನ್ನು ತಾನು ಹೇಳುವುದೊಂದೇ ಆಗಿನ ಪರೀಕ್ಷೆ.

ಪರೀಕ್ಷೆ ಎಂಬುದು ಯಾರ ಕೈಯಲ್ಲಿದೆ ಎಂಬುದು ದೊಡ್ಡ ಮಾತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಮತಗಟ್ಟೆಯಿಂದ ದೂರವಿಡಲು ಓದುಬರಹದ ಪರೀಕ್ಷೆಯನ್ನೇ ಬಳಸುತ್ತಿದ್ದರು. ಅದನ್ನು ತಡೆಯಲು 1965ರ ಮತಾಧಿಕಾರ ಕಾಯಿದೆ ಬರಬೇಕಾಯಿತು. ನಾವು ಹದಿನಾಲ್ಕು ವರ್ಷ ಮೊದಲೇ ಆ ಬಾಗಿಲು ಮುಚ್ಚಿ ಚುನಾವಣೆಗೆ ಹೊರಟಿದ್ದೆವು.

ಹೊರಗಿನಿಂದ ಬಂದು ಭಾರತದ ಪೌರನಾಗಬಯಸುವವನಿಗೂ ನಾವು ನೂರು ಪ್ರಶ್ನೆ ಕೇಳುವುದಿಲ್ಲ. 1955ರ ಪೌರತ್ವ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ವಾಸದ ಅವಧಿ, ಸನ್ನಡತೆ ಮುಂತಾದ ನಿಬಂಧನೆಗಳ ಜೊತೆ ಒಂದು ಮಾತಿದೆ: ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ಒಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕು. ಹಿಂದಿಯೇ ಆಗಬೇಕೆಂದಿಲ್ಲ. ಕನ್ನಡವಾದರೂ ಆಯಿತು, ಮಲಯಾಳವಾದರೂ ಆಯಿತು. 1950ರಲ್ಲಿ ಹದಿನಾಲ್ಕು ಭಾಷೆಗಳಿದ್ದ ಆ ಪಟ್ಟಿಯಲ್ಲಿ ಈಗ ಇಪ್ಪತ್ತೆರಡಿವೆ. ತುಳು ಮಾತ್ರ ಇನ್ನೂ ಇಲ್ಲ. ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಹತ್ತಾರು ವರ್ಷ ಬಾಳಿ ಚೆನ್ನಾಗಿ ತುಳು ಕಲಿತ ಪರದೇಶಿಯೊಬ್ಬ ಅದೊಂದನ್ನೇ ನಂಬಿದರೆ ಕಾನೂನಿನ ಲೆಕ್ಕದಲ್ಲಿ ನಪಾಸು.

ಇನ್ನು ನಮ್ಮ ಗಡಿಯವರ ಪಾಡು. ಪೌರತ್ವದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸುಲಭವೆನಿಸುವ ಪ್ರಶ್ನೆ, ನಿನ್ನ ರಾಜ್ಯ ಯಾವುದು ಎಂಬುದು. ಹಿಂದೂಪುರದಲ್ಲಿ 1945ರಲ್ಲಿ ಹುಟ್ಟಿದವನೊಬ್ಬ ಊರು ಬಿಟ್ಟು ಕದಲದಿದ್ದರೂ ಈ ಪ್ರಶ್ನೆಗೆ ಅವನ ಉತ್ತರ ಬದಲಾಗುತ್ತ ಬಂತು. ಮೊದಲು ಮದರಾಸು, 1953ರ ಅಕ್ಟೋಬರ್ 1ರಿಂದ ಆಂಧ್ರ ರಾಜ್ಯ, 1956ರಿಂದ ಆಂಧ್ರಪ್ರದೇಶ. 2014ರಲ್ಲಿ ತೆಲಂಗಾಣ ಬೇರೆಯಾಗಿ ರಾಜಧಾನಿಯ ಉತ್ತರವೂ ಬದಲಾಯಿತು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕಾಸರಗೋಡಿನ ಹಿರಿಯರದೂ ಇದೇ ಕಥೆ: 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ, ಆಮೇಲೆ ಕೇರಳ, ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡು ಜಿಲ್ಲೆ. ಊರಿನ ಬಾವಿ, ಗುಡಿ, ಮಸೀದಿ ಎಲ್ಲ ಇದ್ದಲ್ಲೇ ಇವೆ. ನೊಳಂಬರ ಹೇಮಾವತಿಯಲ್ಲಿ, ಲೇಪಾಕ್ಷಿಯ ವೀರಭದ್ರನ ಗುಡಿಯಲ್ಲಿ ಕನ್ನಡದ ಶಾಸನಗಳು ಹಾಗೆಯೇ ನಿಂತಿವೆ.

ಇಂಥ ಕಡೆ ಪೌರಜ್ಞಾನಕ್ಕೆ ಬೇರೆಯೇ ಬೆಲೆ. ರಾಜ್ಯದ ನಡುವೆ ಇರುವವನಿಗೆ ಸಂವಿಧಾನದ ವಿಧಿಗಳು ಬಾಯಿಗೆ ಬಾರದಿದ್ದರೂ ನಡೆದೀತು, ಅಂಚಿನಲ್ಲಿರುವವನಿಗೆ ನಡೆಯದು. ರಾಜ್ಯ ಪುನರ್ವಿಂಗಡಣೆಯ ಜೊತೆಗೇ 1956ರ ಏಳನೆಯ ತಿದ್ದುಪಡಿಯಿಂದ 350-ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬುದು ಅದರ ಸಾರ. 350-ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ವಿಶೇಷಾಧಿಕಾರಿಯೊಬ್ಬರಿದ್ದಾರೆ. ಅದಕ್ಕೂ ಮೊದಲೇ, 1949ರ ಆಗಸ್ಟಿನಲ್ಲಿ, ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹಾಕಿಕೊಟ್ಟಿತ್ತು: ಆ ಭಾಷೆಯ ಮಕ್ಕಳು ಒಂದು ತರಗತಿಯಲ್ಲಿ ಹತ್ತು ಅಥವಾ ಇಡೀ ಶಾಲೆಯಲ್ಲಿ ನಲವತ್ತು ಮಂದಿ ಇದ್ದರೆ ಒಬ್ಬ ಉಪಾಧ್ಯಾಯರನ್ನು ಕೊಡಬೇಕು.

ಹತ್ತು, ನಲವತ್ತು. ಈ ಎರಡು ಅಂಕಿಗಳು ನಮ್ಮ ಅಗಳಿ, ರೊಳ್ಳ, ಅಮರಾಪುರದ ಕಡೆಯ ತಂದೆತಾಯಿಗಳಿಗೆ ಎಷ್ಟು ಗೊತ್ತು? ಮಕ್ಕಳ ಖಾತೆ ತೆರೆಯಲು ಬಂದವರನ್ನು ನಾನು ಆಗಾಗ ಕೇಳಿದ್ದೇನೆ. ಕೌಂಟರಿನಲ್ಲಿ ಅಚ್ಚಗನ್ನಡ ಮಾತಾಡಿ, ತೆಲುಗು ಫಾರಂ ಅನ್ನು ನನ್ನ ಕೈಗೇ ಕೊಟ್ಟು, "ನೀವೇ ಬರ್ಕಳ್ರಿ ಸ್ವಾಮಿ" ಎನ್ನುವ ಈ ಜನ ಈ ಅಂಕಿಗಳನ್ನು ಕೇಳಿದವರೇ ಅಲ್ಲ. ಪ್ರತಿ ಚುನಾವಣೆಯಲ್ಲೂ ತಪ್ಪದೆ ಮತ ಹಾಕಿದವರು. ಚಿಹ್ನೆ, ಪಕ್ಷ, ಅಭ್ಯರ್ಥಿಯ ವಂಶಾವಳಿ ಎಲ್ಲ ಬಲ್ಲವರು. ತಮ್ಮ ಊರ ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರೆ ಒಬ್ಬ ಮೇಷ್ಟ್ರನ್ನು ಕೇಳಬಹುದೆಂಬುದನ್ನು ಮಾತ್ರ ಇವರಿಗೆ ಯಾರೂ ಹೇಳಿಲ್ಲ.

ಆಂಧ್ರ ಸರ್ಕಾರ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸಿಕೊಂಡು ಬಂದಿದೆ; ಕೇರಳ ಸರ್ಕಾರ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆದುಕೊಳ್ಳಲು ಅವಕಾಶ ಕೊಟ್ಟಿದೆ. ಇವೆಲ್ಲ ಸಣ್ಣ ಸಂಗತಿಗಳಲ್ಲ. ಆದರೆ ಕೇಳುವವರಿಲ್ಲದ ಹಕ್ಕು, ಪಾಸ್‌ಬುಕ್ ಕಳೆದುಹೋದ ಖಾತೆಯ ಹಾಗೆ. ಹಣ ಅಲ್ಲೇ ಇರುತ್ತದೆ. ವರ್ಷಗಟ್ಟಲೆ ಯಾರೂ ಬಾರದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ.

ಅಮೆರಿಕದಲ್ಲಿ ಅರವತ್ತೈದು ದಾಟಿ, ಇಪ್ಪತ್ತು ವರ್ಷ ಅಲ್ಲಿ ಕಾಯಂ ನಿವಾಸಿಯಾಗಿ ಬಾಳಿದ ಅಜ್ಜಿಗೆ ಇಪ್ಪತ್ತೇ ಪ್ರಶ್ನೆಗಳ ಬೇರೆ ಪಟ್ಟಿ ಕೊಟ್ಟು, ಆಕೆಯ ಮಾತೃಭಾಷೆಯಲ್ಲೇ ಉತ್ತರ ಹೇಳಲು ಬಿಡುತ್ತಾರೆ. ನಮ್ಮ ಕಡೆಯ ಅಜ್ಜಿಗೆ ಪರೀಕ್ಷೆಯೇ ಇಲ್ಲ, ಇರಲೂ ಬಾರದು. 1949ರಲ್ಲಿ ನಮ್ಮ ಹಿರಿಯರು ತೀರ್ಮಾನಿಸಿದ್ದು ಸರಿಯಾದದ್ದೇ. ಆದರೆ ಅಂಥ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ನಮ್ಮ ಗಡಿಯ ಶಾಲೆ, ವಾಚನಾಲಯ, ಸಂಘಗಳು ತಾವೇ ಮಾಡಿ, ಕನ್ನಡದಲ್ಲೂ ಮಲಯಾಳ, ತೆಲುಗುಗಳಲ್ಲೂ ಗೋಡೆಗೆ ಅಂಟಿಸಬಹುದು. ಅಂಕ ಬೇಡ, ಪಾಸು ನಪಾಸು ಬೇಡ. ಮೊದಲ ಪ್ರಶ್ನೆಗೆ ನನ್ನದೊಂದು ಸೂಚನೆ: ನಮ್ಮ ಊರ ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳಿದ್ದಾರೆ?