ಥೇಮ್ಸ್ ನದಿಯ ಹೂಳಿನಲ್ಲಿ ದೊರೆತ ಯಾತ್ರಿಕರ ಬಿಲ್ಲೆಗಳು

ಕಾಶಿಯಾತ್ರೆ ಮುಗಿಸಿ ಮರಳುವವರು ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತರುವ ಸಂಪ್ರದಾಯ ನಮ್ಮ ಮನೆಗಳಲ್ಲಿ ಚಿರಪರಿಚಿತ. ಯಾತ್ರೆ ಮಾಡಿದ್ದಕ್ಕೆ ಒಂದು ಕುರುಹು, ಮನೆಯಲ್ಲಿ ಉಳಿದವರಿಗೆ ಪುಣ್ಯದ ಒಂದು ಪಾಲು ಎಂಬ ಭಾವನೆ ಅದರ ಹಿಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿಯೂ ಇಂತಹ ಪದ್ಧತಿಯೊಂದು ಪ್ರಚಲಿತವಾಗಿತ್ತು. ಆ ಪದ್ಧತಿಯ ಕುರುಹುಗಳು ವಿದ್ವತ್ ಪ್ರಪಂಚದ ಕಣ್ಣಿಗೆ ಬೀಳಲು ಲಂಡನ್ನಿನ ಒಬ್ಬ ಔಷಧ ವ್ಯಾಪಾರಿಯ ಸಂಗ್ರಹದ ಹಂಬಲ ಬಹುಮಟ್ಟಿಗೆ ಕಾರಣವಾಯಿತು.

1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ತನ್ನ ದೇವಾಲಯದೊಳಗೇ ದೊರೆ ಎರಡನೆಯ ಹೆನ್ರಿಯ ಸರದಾರರಿಂದ ಹತನಾದನು. 1173ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ಯಾತ್ರಿಕರ ಪ್ರವಾಹವೇ ಅಲ್ಲಿಗೆ ಹರಿಯಿತು. ಸಂತನ ರಕ್ತದ ಅಂಶವಿದೆಯೆಂದು ನಂಬಲಾದ ನೀರನ್ನು ಲೋಹದ ಪುಟ್ಟ ಕುಪ್ಪಿಗಳಲ್ಲಿ ತುಂಬಿ ಕೊಡುತ್ತಿದ್ದರು. ಟೋಪಿಗೋ ನಿಲುವಂಗಿಗೋ ಸಿಕ್ಕಿಸಿಕೊಳ್ಳಲು ಸಂತನ ಚಿತ್ರವುಳ್ಳ ಬಿಲ್ಲೆಗಳನ್ನೂ ಮಾರುತ್ತಿದ್ದರು. ಇವೆಲ್ಲವೂ ಸೀಸ ಮತ್ತು ತವರದ ಮಿಶ್ರಣದಿಂದ ಆದವು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತವರ 232ರಲ್ಲಿ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 183ಕ್ಕೇ ಕರಗಿ ನೀರಾಗುತ್ತದೆ. ಹೀಗಾಗಿ ದೊಡ್ಡ ಕುಲುಮೆಯ ಅಗತ್ಯವಿಲ್ಲ. ಸಾಮಾನ್ಯ ಒಲೆ, ಒಂದು ಹುಟ್ಟು, ಕಲ್ಲಿನಲ್ಲಿ ಕೊರೆದ ಅಚ್ಚು ಇದ್ದರೆ ದಿನವೊಂದಕ್ಕೆ ರಾಶಿ ಬಿಲ್ಲೆಗಳನ್ನು ಎರಕ ಹೊಯ್ಯಬಹುದು. ಆದ್ದರಿಂದಲೇ ಬಡ ಯಾತ್ರಿಕನ ಕೈಗೂ ಅವು ಎಟುಕಿದವು.

1538ರಲ್ಲಿ ಎಂಟನೆಯ ಹೆನ್ರಿಯು ಬೆಕೆಟ್‌ನ ಸಮಾಧಿಯನ್ನು ಧ್ವಂಸ ಮಾಡಿಸಿದನು. ಅಲ್ಲಿದ್ದ ಚಿನ್ನ ಬೆಳ್ಳಿ ರಾಜನ ಬೊಕ್ಕಸ ಸೇರಿದವು. ಜನರ ಮನೆಗಳಲ್ಲಿದ್ದ ಸೀಸದ ಚೂರುಗಳನ್ನು ಯಾರು ಜೋಪಾನ ಮಾಡಿಯಾರು? ಅವುಗಳನ್ನು ಉಳಿಸಿದ್ದು ಥೇಮ್ಸ್ ನದಿಯ ಹೂಳು. ಗಾಳಿಯಾಡದ ಆ ಕೆಸರಿನಲ್ಲಿ ಲೋಹ ಸವೆಯುವುದು ಅತಿ ಕಡಿಮೆ. 1209ರಲ್ಲಿ ಪೂರ್ಣಗೊಂಡ ಹಳೆಯ ಲಂಡನ್ ಸೇತುವೆಯ ಮೇಲೆಯೇ ಬೆಕೆಟ್‌ನ ಹೆಸರಿನ ಪ್ರಾರ್ಥನಾಮಂದಿರವಿತ್ತೆಂಬುದು ಇಲ್ಲಿ ಗಮನಾರ್ಹ.

ಆ ಸೇತುವೆಯ ಬದಲಿಗೆ 1831ರಲ್ಲಿ ಹೊಸದೊಂದು ಉದ್ಘಾಟನೆಯಾಯಿತು. (ಆ ಹೊಸ ಸೇತುವೆಯೂ ಈಗ ಲಂಡನ್ನಿನಲ್ಲಿಲ್ಲ; 1968ರಲ್ಲಿ ಮಾರಾಟವಾಗಿ ಅಮೆರಿಕದ ಅರಿಜೋನಾ ಸೇರಿದೆ.) ಹಳೆಯದನ್ನು ಕೆಡವಿ ನದಿಯ ತಳವನ್ನು ತೋಡಿದಾಗ ಜಲ್ಲಿಯೊಡನೆ ನಾಣ್ಯ, ಗುಂಡಿ, ಸೂಜಿ, ಚಾಕು, ಬಕಲು, ಬಿಲ್ಲೆ ಎಲ್ಲವೂ ಮೇಲೆ ಬಂದವು. ಗುತ್ತಿಗೆದಾರನಿಗೆ ಬೇಕಾಗಿದ್ದುದು ಜಲ್ಲಿ ಮಾತ್ರ. ಇಂಥ ಕಾಮಗಾರಿಗಳನ್ನು ಕಂಡವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಈ ಹೊತ್ತಿನಲ್ಲಿ ರಂಗಕ್ಕೆ ಬಂದವನು ಚಾರ್ಲ್ಸ್ ರೋಚ್ ಸ್ಮಿತ್. ಐಲ್ ಆಫ್ ವೈಟ್ ದ್ವೀಪದವನು. ಔಷಧ ವ್ಯಾಪಾರ ಕಲಿತು ಲಂಡನ್ನಿನಲ್ಲಿ ಅಂಗಡಿ ಇಟ್ಟವನು. ವಿಶ್ವವಿದ್ಯಾಲಯದ ಪದವಿಯಿಲ್ಲ, ಶ್ರೀಮಂತಿಕೆಯೂ ಇಲ್ಲ. ಬಿಡುವಿನ ವೇಳೆಯಲ್ಲಿ ಹೂಳೆತ್ತುವ ಸ್ಥಳಗಳಿಗೂ ಚರಂಡಿ, ಪಾಯ ತೋಡುವ ಸ್ಥಳಗಳಿಗೂ ಹೋಗಿ ಕೂಲಿಗಳ ಸ್ನೇಹ ಸಂಪಾದಿಸಿ, ಸಿಕ್ಕಿದ್ದನ್ನು ಹಣ ಕೊಟ್ಟು ಪಡೆಯುತ್ತಿದ್ದನು. ನಗರಾಡಳಿತದವರು ಅವನಿಗೆ ನೆರವಾಗುವ ಬದಲು ಅವನನ್ನು ಉಪದ್ರವವೆಂದೇ ಎಣಿಸಿದರು. ಅವನ ವೈಶಿಷ್ಟ್ಯವೆಂದರೆ, ಕೇವಲ ಸುಂದರ ವಸ್ತುಗಳನ್ನು ಆರಿಸದೆ, ಮುರಿದ ಮಡಕೆ, ಸೀಸದ ಬಿಲ್ಲೆಗಳಂತಹ ನಿತ್ಯೋಪಯೋಗದ ಸಾಮಾನುಗಳನ್ನೂ ಕೂಡಿಟ್ಟು, ದೊರೆತ ಜಾಗವನ್ನು ಸಾಧ್ಯವಾದಷ್ಟು ಬರೆದಿಟ್ಟದ್ದು. ಯಾತ್ರಿಕರ ಬಿಲ್ಲೆಗಳನ್ನು ಕುರಿತು ಇಂಗ್ಲೆಂಡಿನಲ್ಲಿ ಗಂಭೀರವಾಗಿ ಬರೆದವರಲ್ಲಿ ಅವನು ಮೊದಲಿಗ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಆರ್ಥರ್ ಫೋರ್ಜೆ ಎಂಬವನು ಸೇನ್ ನದಿಯಿಂದ ಇದೇ ಬಗೆಯ ಸಂಗ್ರಹ ಮಾಡುತ್ತಿದ್ದನು.

5,000ಕ್ಕೂ ಮಿಕ್ಕಿದ ಈ ಸಂಗ್ರಹವನ್ನು ರೋಚ್ ಸ್ಮಿತ್ 1855ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಡಮಾಡಿದಾಗ ಅಲ್ಲಿಯವರು ನಿರಾಕರಿಸಿದರು. ಶ್ರೀಮಂತನೊಬ್ಬ ಹೆಚ್ಚು ಬೆಲೆಗೆ ಕೇಳಿದರೂ, ಸಂಗ್ರಹವು ರಾಷ್ಟ್ರದ ಆಸ್ತಿಯಾಗಬೇಕೆಂದು ಇವನು ಒಪ್ಪಲಿಲ್ಲ. ಕೊನೆಗೆ 1856ರಲ್ಲಿ 2,000 ಪೌಂಡಿಗೆ ಅದು ಬ್ರಿಟಿಷ್ ಮ್ಯೂಸಿಯಂ ಸೇರಿತು. ಔಷಧ ವ್ಯಾಪಾರಿಯ ಕೀರ್ತಿ ಶಿಖರಕ್ಕೇರಿದ್ದ ಆ ಹೊತ್ತಿನಲ್ಲಿಯೇ ಅವನಿಗೆ ಕಠಿಣ ಪರೀಕ್ಷೆಯೊಂದು ಕಾದಿತ್ತು.

ನದೀತೀರದ ಕೆಸರಿನಲ್ಲಿ ಹೆಕ್ಕಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ವಿಲಿಯಂ ಸ್ಮಿತ್ ಮತ್ತು ಚಾರ್ಲ್ಸ್ ಈಟನ್ ಎಂಬಿಬ್ಬರು (ಇತಿಹಾಸದಲ್ಲಿ ಇವರು ಬಿಲ್ಲಿ ಮತ್ತು ಚಾರ್ಲಿ ಎಂದೇ ಪ್ರಸಿದ್ಧರು) 1857ರಿಂದ ಹೊಸ ಬಗೆಯ ಸೀಸದ ಪದಕ, ಬಿಲ್ಲೆ, ಪ್ರತಿಮೆಗಳನ್ನು ಮಾರತೊಡಗಿದರು. ಶ್ಯಾಡ್‌ವೆಲ್ ಹಡಗುಕಟ್ಟೆಯ ಕಾಮಗಾರಿಯಲ್ಲಿ ಸಿಕ್ಕಿದವೆಂದು ಅವರ ಹೇಳಿಕೆ. 1858ರಲ್ಲಿ ಹೆನ್ರಿ ಸೈಯರ್ ಕ್ಯೂಮಿಂಗ್ ಎಂಬ ವಿದ್ವಾಂಸ ಇವು ಖೋಟಾ ಎಂದು ಸಭೆಯೊಂದರಲ್ಲಿ ಸಾರಿದನು. ‘ಅಥೀನಿಯಂ’ ಪತ್ರಿಕೆ ಅದನ್ನು ಪ್ರಕಟಿಸಿತು. ವ್ಯಾಪಾರಿ ಜಾರ್ಜ್ ಈಸ್ಟ್‌ವುಡ್ ಮಾನನಷ್ಟದ ದಾವೆ ಹೂಡಿದನು. ಗಿಲ್ಡ್‌ಫರ್ಡ್ ನ್ಯಾಯಾಲಯದಲ್ಲಿ ರೋಚ್ ಸ್ಮಿತ್ ಸಾಕ್ಷಿ ನುಡಿದು, ಇವುಗಳ ಉಪಯೋಗ ತಿಳಿಯದು, ಆದರೆ ಪ್ರಾಚೀನತೆಯಲ್ಲಿ ಸಂದೇಹವಿಲ್ಲ ಎಂದನು. ವರದಿಯಲ್ಲಿ ಈಸ್ಟ್‌ವುಡ್‌ನ ಹೆಸರೇ ಇರಲಿಲ್ಲವಾದ್ದರಿಂದ ದಾವೆ ಬಿದ್ದುಹೋಯಿತು. ಆದರೆ ಆ ಪ್ರಚಾರದಿಂದ ಮಾರಾಟ ಮತ್ತಷ್ಟು ಏರಿತು!

ಸಾವಿರಾರು ನಿಜವಾದ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿದವನು ಹೇಗೆ ಮೋಸಹೋದನು? ಇಷ್ಟು ಒರಟಾಗಿ ಖೋಟಾ ಮಾಡುವವರು ಇರಲಾರರೆಂಬ ತರ್ಕ ಒಂದು ಕಡೆ. ನೆಲದಿಂದ ವಸ್ತು ಹೊರಬರುವುದನ್ನು ತಾನು ಕಾಣದೆ ಮಾರುವವನ ಮಾತಿನ ಮೇಲೆ ನಂಬಿಕೆಯಿಟ್ಟದ್ದು ಇನ್ನೊಂದು ಕಡೆ. ಇದೇ ಹೆಚ್ಚಿನದೆಂದು ತೋರುತ್ತದೆ. ಸ್ಥಳದ ದಾಖಲೆಗೆ ಅಷ್ಟು ಬೆಲೆ ಕೊಟ್ಟವನು ಅದೊಂದೆಡೆ ಸಡಿಲಬಿಟ್ಟನು. ವಾಸ್ತವವಾಗಿ ಆ ವಸ್ತುಗಳೇ ತಮ್ಮ ಗುಟ್ಟನ್ನು ಹೇಳುತ್ತಿದ್ದವು. ಬಿಲ್ಲಿ ಮತ್ತು ಚಾರ್ಲಿ ನಿರಕ್ಷರಿಗಳು. ಅವರು ಕೆತ್ತಿದ ಬರಹಕ್ಕೆ ಅರ್ಥವಿಲ್ಲ. ಮೇಲಾಗಿ ಹನ್ನೊಂದನೆಯ ಶತಮಾನದ್ದೆಂದು ತೋರುವ ವಸ್ತುಗಳ ಮೇಲೂ ಇಸವಿಯನ್ನು ಇಂದಿನ ಅಂಕಿಗಳಲ್ಲಿಯೇ ಕೆತ್ತಿದ್ದರು. ಭಾರತದಲ್ಲಿ ಹುಟ್ಟಿ ಅರಬರ ಮೂಲಕ ಯೂರೋಪನ್ನು ತಲುಪಿದ ಈ ಅಂಕಿಗಳು ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು ಹದಿನೈದನೆಯ ಶತಮಾನದಲ್ಲಿ. ಲಂಡನ್ನಿನ ಖೋಟಾ ಸರಕಿನ ವಿರುದ್ಧ ಭಾರತದ ಅಂಕಿಗಳೇ ಸಾಕ್ಷಿಯಾಗಿದ್ದವೆಂದರೆ ಓದುಗರಿಗೆ ಸಂತೋಷವಾದೀತು.

1861ರಲ್ಲಿ ಚಾರ್ಲ್ಸ್ ರೀಡ್ ಎಂಬವನು ಚರಂಡಿಗಳಲ್ಲಿ ವಸ್ತು ಹುಡುಕುವ ಒಬ್ಬನನ್ನು ಹಣಕೊಟ್ಟು ಒಲಿಸಿ, ಅವರ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚುಗಳನ್ನೇ ತರಿಸಿ ವಿದ್ವತ್ಸಭೆಯ ಮುಂದಿಟ್ಟನು. ಎರಕ ಹೊಯ್ದು, ಆಮ್ಲದಲ್ಲಿ ಅದ್ದಿ, ಕೆಸರು ಮೆತ್ತಿ ಹಳತು ಮಾಡುವ ವಿಧಾನವೂ ಬಯಲಾಯಿತು. ಅವರು ತಯಾರಿಸಿದ ವಸ್ತುಗಳು 5,000ದಿಂದ 10,000ದಷ್ಟಿರಬೇಕೆಂದು ಅಂದಾಜು. ಈಟನ್ 1870ರಲ್ಲಿ ಕ್ಷಯದಿಂದ ತೀರಿಕೊಂಡನು. ರೋಚ್ ಸ್ಮಿತ್ ಕೆಂಟ್ ಪ್ರಾಂತದ ಸ್ಟ್ರೂಡ್‌ನಲ್ಲಿ ನಿವೃತ್ತ ಜೀವನ ನಡೆಸಿ, ಪುರಾತನ ವಸ್ತುಗಳನ್ನು ಕುರಿತ ಸಂಪುಟಗಳನ್ನು ಹೊರತರುತ್ತಲೇ ಇದ್ದು, 1890ರಲ್ಲಿ ನಿಧನನಾದನು.

ಥೇಮ್ಸ್ ದಂಡೆಯಲ್ಲಿ ಹುಡುಕಲು ಈಗ ಲಂಡನ್ ಬಂದರು ಪ್ರಾಧಿಕಾರದ ಪರವಾನಗಿ ಬೇಕು. 300 ವರ್ಷಕ್ಕಿಂತ ಹಳೆಯ ವಸ್ತು ದೊರೆತರೆ ದೊರೆತ ಜಾಗದ ಸಮೇತ ವರದಿ ಮಾಡಬೇಕು. ಅದಕ್ಕಾಗಿ 1997ರಲ್ಲಿ ಆರಂಭವಾದ ಯೋಜನೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯ ಜನರಿಗೆ ಸಿಕ್ಕ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ದಾಖಲಿಸಿದೆ. ಬಿಲ್ಲಿ ಮತ್ತು ಚಾರ್ಲಿಯ ಖೋಟಾ ಬಿಲ್ಲೆಗಳನ್ನೂ ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ರೋಚ್ ಸ್ಮಿತ್‌ನ ಸಂಗ್ರಹ ಇರುವ ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಅವು ಇವೆ.